ಯುದ್ಧದ ಮೇಡಂ

ಕೋಮಲಾಗೆ ಆ ಹೆಸರು ಅಂಟಿಕೊಂಡದ್ದು ಅರಕಲಗೂಡಿನಲ್ಲಿ, ಕಾರ್ಗಿಲ್ ಯುದ್ಧ ನಡೆದ ವರ್ಷ. ಅಲ್ಲಿನ ಕಾಲೇಜಿಗೆ ರಾಜ್ಯಶಾಸ್ತ್ರದ ಉಪನ್ಯಾಸಕಿಯಾಗಿ ಬಂದು ಆಗಷ್ಟೇ ಎರಡು ವರ್ಷವಾಗಿತ್ತು. ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಪೇಪರ್ ಮಾರುತ್ತಿದ್ದ ಶಿವಯ್ಯ, ದಿನಾ ಮೂರು ಪತ್ರಿಕೆ ಕೊಳ್ಳುವ ಹೆಂಗಸು ಇವಳೊಬ್ಬಳೇ ಎಂಬುದನ್ನು ಗಮನಿಸಿ, "ಅಷ್ಟೊಂದು ಏನವ್ವಾ ಓದ್ತೀರಿ?" ಎಂದು ಕೇಳಿದ್ದ. ಯುದ್ಧದ ವಿಷಯದಲ್ಲೇ ಪಿಎಚ್.ಡಿ. ಮಾಡಿದ್ದೀನಿ ಎಂದಳು. ಶಿವಯ್ಯ ಅವಳನ್ನು ಮೇಲಿಂದ ಕೆಳಗೆ ನೋಡಿದ. ಮಾರನೆಯ ದಿನದಿಂದ ಅಂಗಡಿಯ ಒಳಗಿದ್ದ ಮಗನಿಗೆ, "ಲೇ, ಯುದ್ಧದ ಮೇಡಂ ಬಂದ್ರು, ಪೇಪರ್ ತಗ್ದಿಡ್ಲಾ" ಎಂದು ಕೂಗತೊಡಗಿದ. ಅಲ್ಲಿಂದ ಚನ್ನರಾಯಪಟ್ಟಣಕ್ಕೆ ವರ್ಗವಾದಾಗ ಹೆಸರೂ ಜೊತೆಗೆ ಬಂತು. ಹೊಳೆನರಸೀಪುರಕ್ಕೂ ಬಂತು. ಹಾಸನದ ಕಾಲೇಜಿಗೆ ಬಂದು ಪ್ರೊಫೆಸರ್ ಆದಮೇಲೆ ಹಿಂದಿನಿಂದ ಅನ್ನುತ್ತಿದ್ದವರು ಎದುರಿಗೇ ಅನ್ನತೊಡಗಿದರು.

ನಿಜವಾಗಿ ನೋಡಿದರೆ ಅವಳು ಓದಿದ್ದು ಯುದ್ಧವನ್ನಲ್ಲ, ಯುದ್ಧ ಆಗದೆ ಉಳಿಯುವುದನ್ನು. ಎರಡು ದೇಶಗಳು ಇನ್ನೇನು ಬಡಿದಾಡುತ್ತವೆ ಎನ್ನುವಲ್ಲಿಗೆ ಬಂದು, ಹೇಗೋ ಏನೋ, ಹಿಂದೆ ಸರಿದ ಸಂದರ್ಭಗಳೇ ಅವಳ ಪ್ರಬಂಧದ ವಸ್ತು. ಮೈಸೂರಿನಲ್ಲಿ ಸಂಶೋಧನೆಗೆ ಸೇರಿದಾಗ ಮಾರ್ಗದರ್ಶಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನೋಡಮ್ಮ, ಮಹಿಳೆ ಮತ್ತು ಪಂಚಾಯತಿ ಅಂತ ತಗೋ. ನಿಮ್ಮ ಸಾಲಗಾಮೆ ಹೋಬಳಿಯಲ್ಲೇ ಕೂತು ಬರೆದು ಮುಗಿಸಬಹುದು" ಎಂದಿದ್ದರು. ಅವಳು ಒಪ್ಪಲಿಲ್ಲ. ಯಾಕೆ ಒಪ್ಪಲಿಲ್ಲವೆಂದು ಅವರಿಗೆ ಹೇಳಲೂ ಇಲ್ಲ.

ಸಾಲಗಾಮೆಯ ಮನೆಯಲ್ಲಿ ಅವಳಪ್ಪ, ದೊಡ್ಡಪ್ಪ ಒಂದೇ ಹಜಾರದ ಎರಡು ಮೂಲೆ ಹಿಡಿದು ಬಾಳಿದವರು. ಅಪ್ಪ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಿನಲ್ಲೇ ಅವ್ವನಿಗೆ ಆ ದಿನದ ಹದ ತಿಳಿಯುತ್ತಿತ್ತು. ದೊಡ್ಡಪ್ಪನಿಗೆ ಮೊದಲು ಕಾಫಿ ಕೊಡುವುದೋ, ಅಪ್ಪನ ಸ್ನಾನಕ್ಕೆ ಮೊದಲು ನೀರು ತೋಡುವುದೋ, ಯಾವ ಮಾತನ್ನು ಯಾರ ಕಿವಿಗೆ ಬೀಳದಂತೆ ಒಲೆಯ ಮುಂದೆಯೇ ಮುಗಿಸುವುದೋ ಆಗಲೇ ನಿರ್ಧಾರವಾಗುತ್ತಿತ್ತು. ಇಪ್ಪತ್ತು ವರ್ಷ ಆ ಮನೆಯಲ್ಲಿ ಕೈ ಕೈ ಮಿಲಾಯಿಸಲಿಲ್ಲ. ಅದಕ್ಕಾಗಿ ಅವ್ವನನ್ನು ಯಾರೂ ಹೊಗಳಲಿಲ್ಲ. ಆಗದೆ ಹೋದ ಜಗಳವನ್ನು ಕಂಡವರು ಯಾರು? ಅದನ್ನು ಕಾಣುವುದೇ ತನ್ನ ಕೆಲಸವೆಂದು ಕೋಮಲಾ ಒಳಗೊಳಗೇ ತೀರ್ಮಾನಿಸಿಕೊಂಡಿದ್ದಳು.

ಆ ಕೆಲಸ ಅವಳನ್ನು ದೂರವೇನೂ ಕೊಂಡೊಯ್ಯಲಿಲ್ಲ. ದೆಹಲಿಯಲ್ಲಿ ಒಮ್ಮೆ ಪ್ರಬಂಧ ಮಂಡಿಸಲು ಕರೆದಿದ್ದರು. ಇಪ್ಪತ್ತು ನಿಮಿಷವೆಂದು ಕೊಟ್ಟ ಸಮಯ ಊಟದ ನಂತರ ಆರು ನಿಮಿಷಕ್ಕೆ ಇಳಿಯಿತು. ಸ್ಟಾಫ್ ರೂಮಿನಲ್ಲಂತೂ ಗಡಿಯಲ್ಲಿ ಗುಂಡು ಹಾರಿದಾಗಲೆಲ್ಲ ಗಣಿತದವರು, ವಾಣಿಜ್ಯದವರು, ಕಡೆಗೆ ದೈಹಿಕ ಶಿಕ್ಷಣದವರೂ ಯುದ್ಧತಂತ್ರ ವಿವರಿಸುತ್ತಿದ್ದರು. ಅವಳನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಕೇಳಿದರೂ ಅವಳು "ಸಾಧ್ಯತೆ ಇದೆ", "ಹೇಳಲಿಕ್ಕಾಗದು", "ಎರಡೂ ಕಡೆ ನೋಡಬೇಕು" ಎನ್ನುವಳು. ಕೇಳಿದವರು ಅಷ್ಟರಲ್ಲಿ ಮತ್ತೊಬ್ಬರ ಕಡೆ ತಿರುಗಿರುತ್ತಿದ್ದರು.

ಎರಡು ಸಾವಿರದ ಇಪ್ಪತ್ತೈದರ ಜನವರಿ ಕೊನೆಯ ವಾರ. ವಿಭಾಗದ ಮುಖ್ಯಸ್ಥ ಚಂದ್ರಮೌಳಿ, ಅವಳಿಗಿಂತ ಹನ್ನೆರಡು ವರ್ಷ ಚಿಕ್ಕವನು, ಒಳ್ಳೆಯ ಹುಡುಗನೇ, ಅವಳನ್ನು ಕರೆದು ಕೂರಿಸಿದ.

"ಮೇಡಂ, ತಪ್ಪು ತಿಳ್ಕೋಬೇಡಿ. ನಿಮ್ಮ ಅಂತರರಾಷ್ಟ್ರೀಯ ಭದ್ರತೆ ಪೇಪರ್‌ಗೆ ಈ ಸಲ ಹನ್ನೊಂದೇ ಜನ. ಹದಿನೈದಾದ್ರೂ ಬೇಕಲ್ವಾ? ಮುಂದಿನ ವರ್ಷದಿಂದ ಅದರ ಜಾಗಕ್ಕೆ ಆಡಳಿತದ್ದು ಹಾಕೋಣ ಅಂತ. ಸ್ಪರ್ಧಾತ್ಮಕ ಪರೀಕ್ಷೆ ಕಟ್ಟೋ ಮಕ್ಕಳಿಗೆ ಉಪಯೋಗಕ್ಕೆ ಬರುತ್ತೆ."

"ಹಾಕಿ" ಎಂದಳು.

"ನೀವು ಬೇಜಾರು..."

"ಇಲ್ಲ ಚಂದ್ರು, ಹಾಕಿ."

ತನ್ನ ಕೋಣೆಗೆ ಬಂದರೆ ಬಾಗಿಲಲ್ಲಿ ವರ್ಷಾ ನಿಂತಿದ್ದಳು. ಆ ಹನ್ನೊಂದು ಜನರಲ್ಲಿ ಒಬ್ಬಳು, ಬಾಗೂರಿನ ಹುಡುಗಿ. ಹಿಂದೆ ಅವಳ ತಾಯಿ, ಕಂಕುಳಲ್ಲಿ ಒಂದು ಚೀಲ.

"ಮೇಡಂ, ನಮ್ಮಮ್ಮ, ವಿಜಯಮ್ಮ ಅಂತ. ನಿಮ್ಮನ್ನ ನೋಡ್ಲೇಬೇಕು ಅಂತ ಒಂದು ತಿಂಗಳಿಂದ..." ವರ್ಷಾಳ ಮುಖ ನಾಚಿಕೆಯಿಂದ ಕೆಂಪಾಗಿತ್ತು.

ವಿಜಯಮ್ಮ ಕುರ್ಚಿಯಲ್ಲಿ ಕೂರಲಿಲ್ಲ. ಚೀಲದಿಂದ ಸ್ಟೀಲ್ ತಟ್ಟೆ ತೆಗೆದಳು. ಅದರಲ್ಲಿ ಐದು ವೀಳ್ಯದೆಲೆ, ಎರಡು ಅಡಿಕೆ, ಒಂದು ತೆಂಗಿನಕಾಯಿ, ಮುಡಿ ಹೂವು ಜೋಡಿಸಿ ಮೇಜಿನ ಮೇಲೆ, ಉತ್ತರಪತ್ರಿಕೆಗಳ ಕಟ್ಟಿನ ಪಕ್ಕದಲ್ಲಿ ಇಟ್ಟಳು. ಜೋಯಿಸರ ಮುಂದೆ ಇಡುವುದು ಹಾಗೆ. ಕೇಳುವವರು ಬರಿಗೈಯಲ್ಲಿ ಕೇಳಬಾರದು.

"ನಮ್ ಐದ ಮಂಜೇಶ ಮಿಲಿಟ್ರೀಲವ್ನೆ ಮೇಡಂ. ಜಮ್ಮೂ ಕಡೆ. ಅರಕಲಗೂಡ್ ತಾವ ಎಣ್ಣು ಗೊತ್ತಾಗೈತೆ. ಸಿಂಧು ಅಂತ, ನರ್ಸು. ಜೋಯಿಸ್ರು ಎರಡು ದಿನ ತಗ್ದವ್ರೆ. ಮಾರ್ಚಲ್ಲೊಂದು, ಮೇ ಅನ್ನೊಂದ್ನೇ ತಾರೀಕೊಂದು. ಮಾರ್ಚಲ್ಲಾದ್ರೆ ಅತ್ತೇ ದಿನ ರಜ. ಮೇನಲ್ಲಾದ್ರೆ ಒಂದ್ ತಿಂಗ್ಳು ಕೊಡ್ತಾರಂತೆ."

"ಹಾಗಾದ್ರೆ ಮೇ ಒಳ್ಳೇದಲ್ವಾ?"

"ಅದೇ ನಾನೂ ಅನ್ನೋದು. ಅತ್ತು ದಿನಕ್ಕೆ ಗಂಡಿನ ಮಕಾನೇ ಸರ್ಯಾಗಿ ಗುರ್ತಾಗಲ್ಲ. ನಮ್ ಮೈದ ಸಿದ್ದರಾಜು, ನೀನ್ ಸುಮ್ಕಿರತ್ಗೆ, ಮೇ ಗಂಟ ಏನಾಯ್ತದೋ, ಗಡೀಲಿ ಗಲಾಟೆ ಆದ್ರೆ ರಜ ಎಲ್ಲಿ ಕೊಟ್ಟಾರು ಅಂತಾನೆ. ಗಂಡ ಇಲ್ದೋಳ್ ಮಾತು ಯಾರ್ ಕೇಳ್ತಾರೆ?" ತಟ್ಟೆಯನ್ನು ಒಂದು ಬೆರಳು ಮುಂದಕ್ಕೆ ಸರಿಸಿದಳು. "ನೀವು ಅದ್ನೇ ಓದಿರೋರು. ಏಳಿ ಮೇಡಂ. ಮೇ ಒಳಗೆ ಯುದ್ಧ ಆಯ್ತದಾ?"

ಕೋಮಲಾ ಬಾಯಿ ತೆರೆದಾಗ ನಾಲಿಗೆಯ ತುದಿಯಲ್ಲಿದ್ದದ್ದು ಹಳೆಯ ಮಾತೇ. ಹೇಳಲಿಕ್ಕಾಗದು. ಎರಡೂ ಕಡೆ ನೋಡಬೇಕು. ಆದರೆ ಎದುರಿಗೆ ಆ ಕಣ್ಣುಗಳಿದ್ದವು. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಅವಳ ವಿದ್ಯೆಯ ಮುಂದೆ ಯಾರೂ ಹೀಗೆ ಕೈಕಟ್ಟಿ ನಿಂತಿರಲಿಲ್ಲ. ಹತ್ತು ನಿಮಿಷದ ಹಿಂದೆಯಷ್ಟೇ ಆ ವಿದ್ಯೆಗೆ ಹದಿನೈದು ಜನರೂ ಸಿಗಲಿಲ್ಲವೆಂದು ಬಾಗಿಲು ಹಾಕಿದ್ದರು. ಮತ್ತೆ, ಆ ಹೊತ್ತಿಗೆ ಗಡಿ ನಾಲ್ಕು ವರ್ಷದಿಂದ ಹೆಚ್ಚುಕಡಿಮೆ ತಣ್ಣಗೇ ಇದ್ದದ್ದೂ ನಿಜ.

"ಏನೂ ಆಗಲ್ಲ ವಿಜಯಮ್ಮ" ಎಂದಳು. "ಮೇ ತಿಂಗಳಲ್ಲೇ ಇಟ್ಕೊಳ್ಳಿ. ಧೈರ್ಯವಾಗಿ ಇಟ್ಕೊಳ್ಳಿ."

ವಿಜಯಮ್ಮ ಕಣ್ಣಿಗೆ ಸೆರಗು ಒತ್ತಿಕೊಂಡಳು. ಅಂದು ಮನೆಗೆ ಬಂದು ತಟ್ಟೆಯ ಹೂವನ್ನು ಮುಡಿದುಕೊಂಡ ಕೋಮಲಾಳನ್ನು ಅವಳ ಗಂಡ ರವೀಂದ್ರ ವಿಚಿತ್ರವಾಗಿ ನೋಡಿದ. "ಏನೇ, ಪ್ರಮೋಷನ್ನಾ?" ಎಂದ.

"ಹೂಂ, ಜೋಯಿಸಳಾಗಿದೀನಿ" ಎಂದಳು. ಹಗುರಾಗಿದ್ದಳು. ಆ ಹಗುರನ್ನು ನೆನೆಸಿಕೊಂಡಾಗಲೆಲ್ಲ ಆಮೇಲೆ ಅವಳಿಗೆ ಮೈ ಮುದುಡಿ ಬರುತ್ತಿತ್ತು.

ಏಪ್ರಿಲ್ ಇಪ್ಪತ್ತೆರಡಕ್ಕೆ ಪಹಲ್ಗಾಮ್ ಆಯಿತು. ಟಿವಿಯ ಮುಂದೆ ಕೂತಿದ್ದ ಕೋಮಲಾ ಮೊದಲು ಸತ್ತವರಿಗಾಗಿ ಅತ್ತಳು. ಆಮೇಲೆ ಬಾಗೂರು ನೆನಪಾಯಿತು. ಅವಳು ಓದಿಕೊಂಡಿದ್ದ, ಯುದ್ಧದತ್ತ ಏರುವ ಮೆಟ್ಟಿಲುಗಳು ಒಂದೊಂದಾಗಿ ಕಣ್ಣ ಮುಂದೆಯೇ ಬರತೊಡಗಿದವು. ಇಂಥ ದಿನಕ್ಕೆ ಇಂಥ ಹೇಳಿಕೆ, ಇಂಥ ದಿನಕ್ಕೆ ಇಂಥ ಸಭೆ. ವಿಜಯಮ್ಮ ಎರಡು ದಿನಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. "ರಜ ಇನ್ನೂ ಐತಂತೆ ಮೇಡಂ. ಏಳ್ನೇ ತಾರೀಕು ಒಂಡ್ತಾನಂತೆ. ನೀವ್ ಏಳಿದ್ರಲ್ಲ, ನಂಗೇನ್ ಭಯ ಇಲ್ಲ." ನೋಡೋಣ ವಿಜಯಮ್ಮ, ನೋಡೋಣ, ಎನ್ನುವಳು ಕೋಮಲಾ. ನನ್ನ ಮಾತನ್ನು ನಂಬಬೇಡಿ ಎನ್ನಲು ಅವಳಿಗೆ ಬಾಯಿ ಬರಲಿಲ್ಲ.

ಮೇ ಏಳರ ಬೆಳಗಿನ ಜಾವ ನಮ್ಮವರು ಗಡಿಯಾಚೆ ದಾಳಿ ನಡೆಸಿದ ಸುದ್ದಿ ಬಂತು. ಅಂದು ಫೋನು ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಗುರುವಾರ ಸಂಜೆ ವರ್ಷಾಳ ಮೆಸೇಜು ಬಂತು: ಅಣ್ಣನ ರಜೆ ರದ್ದಾಗಿದೆ ಮೇಡಂ. ಫೋನ್ ಸ್ವಿಚ್ ಆಫ್. ಅಮ್ಮ ಯಾರ ಜೊತೆಗೂ ಮಾತಾಡ್ತಿಲ್ಲ. ಸಿಂಧು ಅವರಪ್ಪ ನಾಳೆ ಬರ್ತಾರಂತೆ. ಭಾನುವಾರದ ಮುಹೂರ್ತಕ್ಕೆ ಅವರ ತಂಗಿ ಮಗ ರಜನೀಶ್‌ಗೇ ಕೊಟ್ಟು ಮುಗಿಸ್ತೀವಿ ಅಂತಿದಾರೆ.

ಕೋಮಲಾ ಅದನ್ನು ನಿಂತಲ್ಲೇ ಮೂರು ಸಲ ಓದಿದಳು.

"ನೀನು ಹೋಗಿ ಏನ್ ಮಾಡ್ತೀಯೇ?" ರವೀಂದ್ರ ಕೇಳಿದ. "ಬೈಸ್ಕೊಂಡು ಬರ್ತೀಯ ಅಷ್ಟೆ."

"ಬೈಸ್ಕೊಳ್ಳೋಕಾದ್ರೂ ಹೋಗ್ಬೇಕಲ್ಲರೀ."

ಶುಕ್ರವಾರ ಬೆಳಿಗ್ಗೆ ಹಾಸನದಿಂದ ಚನ್ನರಾಯಪಟ್ಟಣಕ್ಕೆ, ಅಲ್ಲಿಂದ ಬಾಗೂರಿಗೆ ಬಸ್ಸು ಹಿಡಿದಳು. ಶ್ರವಣಬೆಳಗೊಳಕ್ಕೆ ಹೊರಟ ಯಾತ್ರಿಕರ ಗುಂಪೊಂದು ಮೊದಲ ಬಸ್ಸಿನಲ್ಲಿ ಮೊಬೈಲು ನೋಡುತ್ತ, ಇನ್ನು ಎಷ್ಟು ದಿನ, ಯಾರು ಗೆಲ್ಲುತ್ತಾರೆ ಎಂದು ಜೋರಾಗಿ ಚರ್ಚೆ ಮಾಡುತ್ತಿತ್ತು. ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಳು.

ವಿಜಯಮ್ಮನ ಮನೆಯ ಮುಂದೆ ಚಪ್ಪರ ಎದ್ದಿತ್ತು. ಸೋಮವಾರ ಒಳ್ಳೆಯ ದಿನವೆಂದು ತೆಂಗಿನ ಗರಿ ಹೊದಿಸಿ, ಅರಿಶಿನ ಕುಂಕುಮ ಹಚ್ಚಿದ ಹಾಲುಗಂಬ ನೆಟ್ಟು ಬಿಟ್ಟಿದ್ದರು. ಒಮ್ಮೆ ನೆಟ್ಟ ಆ ಕಂಬವನ್ನು ಮದುವೆಯಾಗದೆ ಕೀಳುವಂತಿಲ್ಲ. ಕಿತ್ತರೆ ಎರಡೂ ಮನೆಗೆ ಶ್ರೇಯಸ್ಸಲ್ಲವೆಂದು ಆ ಕಡೆ ನಂಬುತ್ತಾರೆ. ಗರಿಗಳು ನಾಲ್ಕು ದಿನದ ಬಿಸಿಲಿಗೆ ಅಂಚಿನಲ್ಲಿ ಸುರುಟಿಕೊಂಡಿದ್ದವು. ಕೆಳಗೆ ಚಾಪೆ, ಪ್ಲಾಸ್ಟಿಕ್ ಕುರ್ಚಿ, ಹತ್ತು ಹನ್ನೆರಡು ಜನ ನೆಂಟರು. ಮಧ್ಯೆ ದೊಡ್ಡ ದನಿಯಲ್ಲಿ ಮಾತಾಡುತ್ತಿದ್ದವನು ಸಿದ್ದರಾಜು ಎಂದು ಯಾರೂ ಹೇಳದೆ ಅವಳಿಗೆ ತಿಳಿಯಿತು.

"ಬಂದ್ರಪ್ಪ ಯುದ್ಧದ ಮೇಡಂ!" ಎಂದ ಅವನು. "ಬನ್ನಿ ಮೇಡಂ, ಬನ್ನಿ. ನಮ್ಮತ್ಗೆಗೆ ಒಳ್ಳೆ ದಿನ ತೋರ್ಸ್‌ಕೊಟ್ರಿ."

ವರ್ಷಾ ಕೋಮಲಾಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

ವಿಜಯಮ್ಮ ಅಡುಗೆಮನೆಯಲ್ಲಿ ಮೊರದ ಮುಂದೆ ಕೂತು ಅಕ್ಕಿ ಆರಿಸುತ್ತಿದ್ದಳು. ಭಾನುವಾರದ ಊಟಕ್ಕೆಂದು ತಂದ ಅಕ್ಕಿ. ತಲೆ ಎತ್ತಲಿಲ್ಲ. ಕೋಮಲಾ ಅವಳ ಎದುರಿಗೆ ನೆಲದ ಮೇಲೆ ಕೂತಳು.

"ನಂದು ತಪ್ಪಾಯ್ತು ವಿಜಯಮ್ಮ. ನನಗೆ ಗೊತ್ತಿರ್ಲಿಲ್ಲ. ಗೊತ್ತಿದೆ ಅನ್ನೋ ಹಾಗೆ ಹೇಳ್ಬಿಟ್ಟೆ."

ವಿಜಯಮ್ಮನ ಬೆರಳು ಒಂದು ಕಲ್ಲನ್ನು ಹುಡುಕಿ ಪಕ್ಕಕ್ಕಿಟ್ಟಿತು. ಮತ್ತೊಂದನ್ನು ಹುಡುಕಿತು.

"ಊರಮ್ಮನ ಗುಡೀಲಿ ಊ ಕೇಳಿದ್ದೆ ಮೇಡಂ" ಎಂದಳು ಕೊನೆಗೆ. ದೇವಿಯ ಮೈಮೇಲಿನ ಹೂವು ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ. ಆ ಸೀಮೆಯಲ್ಲಿ ಮದುವೆ, ಮನೆ, ಬೋರು ಯಾವುದಕ್ಕೂ ಹೂವು ಕೇಳದೆ ಮುಂದುವರಿಯುವವರಿಲ್ಲ. "ಮಾರ್ಚ್ ಮಾಡ್ಲಾ ತಾಯಿ ಅಂದೆ. ಅಂಗ್ ಅಂದೇಟ್ಗೆ ಬಲಗಡೆ ಕೊಟ್ಳು. ಪೂಜಾರಿಗೂ ಏಳಬ್ಯಾಡ ಅಂದ್ಬುಟ್ಟೆ. ಸಿದ್ದರಾಜುಗೆ ತಿಳಿದ್ರೆ ಮಾರ್ಚಿಗೇ ಮಾಡ್ಬುಡ್ತಿದ್ದ. ಅಮ್ಮ ಮಾರ್ಚ್ ಅಂದ್ಳು, ನೀವು ಮೇ ಅಂದ್ರಿ. ನಾನು ನಿಮ್ ಮಾತ್ ಇಟ್ಕಂಡೆ."

ಕೋಮಲಾ ಅವಳ ಬೆರಳುಗಳನ್ನೇ ನೋಡಿದಳು. ಈ ಹೆಂಗಸು ತನ್ನನ್ನು ದೇವರಿಗಿಂತ ಒಂದು ಮೆಟ್ಟಿಲು ಮೇಲೆ ಕೂರಿಸಿದ್ದಳು. ತಾನೋ, ಆ ದಿನ ಬೆಳಿಗ್ಗೆ ಆದ ಒಂದು ಅವಮಾನವನ್ನು ಮರೆಯಲಿಕ್ಕೆ ಮಾತಾಡಿದ್ದಳು.

ಹೊರಗೆ ಕಾರು ನಿಂತ ಸದ್ದಾಯಿತು. ವಿಜಯಮ್ಮ ಮೊರವನ್ನು ಸರಿಸಿ, ಅಂದು ಮೊದಲ ಬಾರಿಗೆ ಕೋಮಲಾಳ ಮುಖ ನೋಡಿದಳು. ಅವಳ ಎರಡೂ ಕೈಗಳನ್ನು ಹಿಡಿದುಕೊಂಡಳು. ಕೈಗಳಲ್ಲಿ ಅಕ್ಕಿಯ ಹಿಟ್ಟಿತ್ತು.

"ಬೀಗರು ಬಂದ್ರು. ಮೇಡಂ, ಒಂದೇ ಒಂದ್ ಮಾತು. ಇದು ನಿಂತೋಯ್ತದೆ, ಉಡುಗ ಬತ್ತಾನೆ ಅಂತ ಏಳ್ಬುಡಿ. ನೀವು ಏಳಿದ್ರೆ ರಂಗಸ್ವಾಮಣ್ಣ ತಡ್ಕೊತಾರೆ. ಒಂದ್ ವಾರ ತಡ್ದ್ರೆ ಸಾಕು. ನನ್ ಮಗ ಅಲ್ಲಿಂದ ಬರೋವತ್ಗೆ ಅವಳು ಇನ್ನೊಬ್ಬನ ಎಂಡ್ತಿ ಆಗಿದ್ರೆ ನಾನ್ ಏನಂತ ಮಕ ತೋರ್ಸ್ಲಿ?"

ಕೋಮಲಾ ಚಪ್ಪರಕ್ಕೆ ಬಂದಳು. ಅರಕಲಗೂಡಿನ ರಂಗಸ್ವಾಮಿ, ಬಿಳಿ ಪಂಚೆ, ಬೆರಳಲ್ಲಿ ಕಾರಿನ ಕೀಲಿ, ಕುರ್ಚಿಯ ತುದಿಯಲ್ಲಿ ಕೂತಿದ್ದರು. ಅವರ ಹಿಂದೆ, ಎಲ್ಲರೂ ನೋಡಿಯೂ ನೋಡದಂತಿದ್ದ ಸಿಂಧು. ಮದುವೆಗೆ ಮುಂಚೆ ಗಂಡಿನ ಮನೆಯ ಹೊಸ್ತಿಲಿಗೆ ಹೆಣ್ಣು ಬರುವುದು ಆ ಕಡೆ ಇಲ್ಲ. ಅವಳು ಹೊಸ್ತಿಲು ದಾಟದೆ ಚಪ್ಪರದ ಅಂಚಿನ ಬಿಸಿಲಲ್ಲೇ ನಿಂತಿದ್ದಳು.

"ನೋಡಿ ಸಿದ್ದರಾಜು" ರಂಗಸ್ವಾಮಿ ಹೇಳಿದರು. "ನಾನು ಜಗಳಕ್ಕೆ ಬಂದಿಲ್ಲ. ಕಾರ್ಡು ಹಂಚಿದೀವಿ. ಛತ್ರ ಹಿಡಿದೀವಿ. ಮುಹೂರ್ತ ತಪ್ಪಿದ್ರೆ ನಾಳೆ ನನ್ನ ಮಗಳಿಗೇ ಕಾಲ್ಗುಣ ಸರಿಯಿಲ್ಲ ಅಂತಾರೆ. ಈಗ್ಲೇ ಅಂತಾವ್ರೆ."

ಚಾಪೆಯ ಮೇಲಿದ್ದ ಒಬ್ಬ ಮುದುಕಿ ಸೆರಗನ್ನು ಬಾಯಿಗಡ್ಡ ಹಿಡಿದಳು. ಅಂದವಳು ಅವಳೇ ಇರಬೇಕು.

"ನಿಮ್ಮುಡ್ಗನ್ ಮೇಲೆ ನಂಗೆ ಗೌರವ ಐತೆ. ಆದ್ರೆ ಬತ್ತಾನಾ ಇಲ್ವಾ? ಬತ್ತಾನೆ ಅನ್ನೋ ಅಂಗಿದ್ರೆ ಕಾಯ್ತೀನಿ. ಇಲ್ದಿದ್ರೆ ರಜನೀಶ ಒಪ್ಕೊಂಡವ್ನೆ."

"ಯುದ್ಧದ ಮೇಡಂನೇ ಬಂದವ್ರಲ್ಲ, ಕೇಳಿ!" ಎಂದ ಸಿದ್ದರಾಜು. ಕುಹಕದಲ್ಲೇ ಶುರುಮಾಡಿದ. ಆದರೆ ಮಾತು ಮುಗಿಯುವಷ್ಟರಲ್ಲಿ ಅವನ ದನಿ ಬೇರೆಯಾಗಿತ್ತು. "ಕೇಳಿ ರಂಗಸ್ವಾಮಣ್ಣ. ಏಳಿ ಮೇಡಂ. ಎಷ್ಟ್ ದಿನ ನಡೀತದೆ ಇದು?"

ಎಲ್ಲರೂ ಅವಳ ಕಡೆ ತಿರುಗಿದರು. ಬಾಗಿಲ ಚೌಕಟ್ಟಿಗೆ ಒರಗಿ ವಿಜಯಮ್ಮ ನಿಂತಿದ್ದಳು.

ಅವಳಿಗೆ ಅನ್ನಿಸುತ್ತಿದ್ದದ್ದು ಇಷ್ಟು: ಇದು ಬಹಳ ದಿನ ನಡೆಯಲಿಕ್ಕಿಲ್ಲ. ಹಿಂದಿನ ಸಲದ ಲೆಕ್ಕದಲ್ಲಿ ನೋಡಿದರೆ ಕೆಲವೇ ದಿನ. ಯಾರಾದರೂ ಹೊರಗಿನವರು ನಡುವೆ ಬರಬಹುದು. ಹೇಳಿದರೆ ಸುಳ್ಳೂ ಆಗುವುದಿಲ್ಲ. ಒಂದು ವಾಕ್ಯ ಸಾಕಿತ್ತು. ಒಂದು ಮದುವೆ ಉಳಿಯುತ್ತಿತ್ತು. ಒಬ್ಬ ತಾಯಿಯ ಮುಖ ಉಳಿಯುತ್ತಿತ್ತು. ಜನವರಿಯಲ್ಲೂ ಅವಳಿಗೆ ಹೀಗೇ ಅನ್ನಿಸಿತ್ತು.

"ನನಗೆ ಗೊತ್ತಿಲ್ಲ" ಎಂದಳು.

ಯಾರೋ ಕೆಮ್ಮಿದರು.

"ಜನವರಿಯಲ್ಲೂ ಗೊತ್ತಿರ್ಲಿಲ್ಲ. ವಿಜಯಮ್ಮ ನನ್ನ ಹತ್ರ ಬಂದು ಕೇಳಿದ್ರು. ಯಾರೂ ಕೇಳದೇ ಇದ್ದದ್ದನ್ನ ಇವರು ಕೇಳಿದ್ರಲ್ಲ ಅಂತ ನನಗೆ ಸಂತೋಷ ಆಯ್ತು. ಆ ಸಂತೋಷದಲ್ಲಿ ಗೊತ್ತಿದೆ ಅಂದ್ಬಿಟ್ಟೆ. ತಪ್ಪು ನನ್ನದು. ಅವರದ್ದಲ್ಲ. ಈ ಹುಡುಗಿಯ ಕಾಲ್ಗುಣದ್ದಂತೂ ಅಲ್ವೇ ಅಲ್ಲ. ಬೈಯೋದಿದ್ರೆ ನನ್ನನ್ನ ಬೈರಿ."

ವಿಜಯಮ್ಮ ಮುಖ ತಿರುಗಿಸಿ ಒಳಗೆ ಹೋದಳು. ರಂಗಸ್ವಾಮಿ ಕೀಲಿಯನ್ನು ಜೇಬಿಗಿಟ್ಟುಕೊಂಡು ಎದ್ದರು. "ಅಷ್ಟೇ ಮತ್ತೆ. ಓದಿರೋ ಅವ್ರಿಗೇ ಗೊತ್ತಿಲ್ಲ ಅಂದ್ಮೇಲೆ ನಾವು ಯಾತರ ಮೇಲೆ ಕಾಯೋದು? ನಡಿಯವ್ವ ಸಿಂಧು."

ಸಿಂಧು ನಡೆಯಲಿಲ್ಲ. ಬಿಸಿಲಿನಿಂದ ಎರಡು ಹೆಜ್ಜೆ ನೆರಳಿಗೆ ಬಂದಳು.

"ಮೇಡಂ, ಒಂದು ಕೇಳ್ಲಾ? ಗೊತ್ತಿಲ್ಲ ಅಂದ್ರೆ, ಇಷ್ಟು ವರ್ಷ ಏನು ಓದಿದ್ರಿ ಮತ್ತೆ?"

ಅದರಲ್ಲಿ ಕೊಂಕಿರಲಿಲ್ಲ. ಆಸ್ಪತ್ರೆಯಲ್ಲಿ ಹೊಸ ಔಷಧಿಯ ಬಗ್ಗೆ ಕೇಳುವಂತೆ ಕೇಳಿದ್ದಳು. ಕೋಮಲಾ ಅವಳ ಕಡೆ ತಿರುಗಿದಳು. ಇಪ್ಪತ್ತೆಂಟು ವರ್ಷದಲ್ಲಿ ಯಾವ ಸಂದರ್ಶನದಲ್ಲೂ ಈ ಪ್ರಶ್ನೆ ಬಂದಿರಲಿಲ್ಲ.

"ಮುಂದೇನಾಗುತ್ತೆ ಅಂತ ಯಾರಿಗೂ ಗೊತ್ತಿಲ್ಲದಾಗ ಜನ ಹೇಗೆ ನಡ್ಕೊಂಡ್ರು ಅನ್ನೋದನ್ನ ಓದಿದೆ ಕಣಮ್ಮ. ಗೊತ್ತಿದೆ ಅಂದ್ಕೊಂಡವರು ಮುನ್ನುಗ್ಗಿ ಕೆಡಿಸಿದ್ರು. ಗೊತ್ತಿಲ್ಲ ಅಂತ ಒಪ್ಕೊಂಡವರು ಸ್ವಲ್ಪ ನಿಧಾನ ಮಾಡಿದ್ರು. ಹೆಚ್ಚು ಸಲ ಶಾಂತಿ ಅಷ್ಟರಿಂದಲೇ ಉಳ್ಕೊಂಡಿದೆ."

ಸಿಂಧು ಅಪ್ಪನ ಕಡೆ ತಿರುಗಿದಳು. "ಅಪ್ಪ, ಬರ್ತಾರೆ ಅಂತ ಮೇಡಂಗೆ ಗೊತ್ತಿಲ್ಲ. ಬರಲ್ಲ ಅಂತ ನಿನಗೆ ಹೆಂಗೆ ಗೊತ್ತಾಯ್ತು?"

"ಏಯ್, ಜನ ಆಡ್ಕೊತಾರೆ ಕಣೆ..."

"ಭಾನುವಾರ ರಜನೀಶನ ಪಕ್ಕ ಕೂತ್ರೆ ಆಡ್ಕೊಳ್ಳಲ್ವಾ? ಕೆಲಸದ ಮೇಲಿರೋನ್ನ ಬಿಟ್ಟು ಬೇರೆಯವನ್ನ ಕಟ್ಕೊಂಡ್ಳು ಅಂತಾರೆ. ನಾನು ಆಸ್ಪತ್ರೇಲಿ ಆ ಮಾತು ಕೇಳ್ಕೊಂಡು ಕೆಲಸ ಮಾಡಕ್ಕಾಗಲ್ಲ. ನಾನು ಕಾಯ್ತೀನಿ."

ರಂಗಸ್ವಾಮಿ ಮಗಳನ್ನು ನೋಡಿದರು. ಬೈಯುವರೆಂದು ಎಲ್ಲರೂ ಕಾದರು. ಅವರ ಮುಖದಲ್ಲಿದ್ದದ್ದು ಸಿಟ್ಟಲ್ಲ, ಇಕ್ಕಟ್ಟು. ಕೋಮಲಾ ಅದನ್ನು ಬಲ್ಲಳು. ಸಾಲಗಾಮೆಯ ಹಜಾರದಲ್ಲಿ ಅದನ್ನೇ ನೋಡಿ ಬೆಳೆದವಳು. ಹಿಂದೆ ಸರಿಯಲು ಮನಸ್ಸಿದೆ, ದಾರಿ ಕಾಣುತ್ತಿಲ್ಲ.

"ರಂಗಸ್ವಾಮಿಯವರೆ, ಒಂದು ಮಾತು ಹೇಳ್ಲಾ? ಮದುವೆ ಮುರೀತು ಅಂತ ಯಾರೂ ಅನ್ನೋದು ಬೇಡ. ಹೆಣ್ಣಿನವರು ಮುಂದೂಡಿದ್ರು ಅಂದ್ರೆ ನಿಮಗೆ ಅವಮಾನ, ಗಂಡಿನವರು ಮುಂದೂಡಿದ್ರು ಅಂದ್ರೆ ಇವರಿಗೆ. ಎರಡೂ ಮನೆಯವರು ಒಂದೇ ಹೊತ್ತಿಗೆ, ಒಂದೇ ಮಾತಲ್ಲಿ ಹೇಳಿ. ಹುಡುಗ ಗಡಿಯಲ್ಲಿದ್ದಾನೆ, ನಾವಿಬ್ಬರೂ ಕೂತು ಮಾತಾಡಿ ದಿನ ಮುಂದಕ್ಕೆ ಹಾಕಿದೀವಿ ಅಂತ. ಯಾರು ಮೊದಲು ಅಂತ ಕೇಳೋಕೆ ಜಾಗವೇ ಇರಬಾರದು."

ಸಿದ್ದರಾಜು ತಲೆ ಕೆರೆದುಕೊಂಡ. "ಇಬ್ರೂ ಒಟ್ಗೆ ಫೋನ್ ಮಾಡದಾ?"

"ಇಲ್ಲೇ ಕೂತು ಮಾಡಿ."

"ಈ ಕಂಬ?"

"ಕೀಳಬೇಡಿ. ಮದುವೆ ನಿಂತಿಲ್ಲವಲ್ಲ."

ಎಲ್ಲರೂ ಕಂಬದ ಕಡೆ ನೋಡಿದರು. ಆಮೇಲೆ ಸೆರಗಡ್ಡ ಹಿಡಿದಿದ್ದ ಮುದುಕಿಯೇ, "ಅಂಗೇ ಮಾಡ್ರಪ್ಪ. ಗರಿ ಒಣಗಿದ್ರೆ ಮ್ಯಾಲೆ ಇನ್ನೆರಡು ಆಕುದ್ರಾಯ್ತು" ಎಂದಳು. ರಂಗಸ್ವಾಮಿ ಮತ್ತೆ ಕೂತರು. ಸಿದ್ದರಾಜು ಕನ್ನಡಕ ಹಾಕಿಕೊಂಡು ಮೊಬೈಲಿನಲ್ಲಿ ನಂಬರು ಹುಡುಕತೊಡಗಿದ. "ಮೊದ್ಲು ಛತ್ರದೋನಿಗೆ ಮಾಡನ" ಎಂದ. ರಂಗಸ್ವಾಮಿ, "ಮೊದ್ಲು ಅಡುಗೆಯೋನಿಗ್ ಮಾಡಪ್ಪ, ಅವ್ನು ತರಕಾರಿ ತಂದ್ಬುಟ್ಟಾನು" ಎಂದರು. ಇಬ್ಬರ ನಡುವೆ ಅಂದಿನ ಮೊದಲ ಸಣ್ಣ ವಾದ ಶುರುವಾಯಿತು. ಅದು ಬೀಗರ ವಾದವಾಗಿತ್ತು.

ವಿಜಯಮ್ಮ ಬಸ್ಸಿನವರೆಗೆ ಬಂದಳು. ಬಸ್ಸು ಕಾಣಿಸಿದಾಗ, "ನಾನು ಕೈ ಇಡ್ದು ಕೇಳ್ಕಂಡೆ" ಎಂದಳು. "ಆದ್ರೂ ನೀವು ಏಳ್ಲಿಲ್ಲ."

"ಹೇಳ್ಲಿಲ್ಲ."

"ಆ ಎಣ್ಣು ಬಾಯಿ ಬಿಡದೇ ಇದ್ದಿದ್ರೆ?"

ಕೋಮಲಾ ಬಸ್ಸು ಹತ್ತಿ ಹಿಂದಿರುಗಿ ನೋಡಿದಾಗ ವಿಜಯಮ್ಮ ಆಗಲೇ ಮನೆಯ ಕಡೆ ತಿರುಗಿ ನಡೆಯುತ್ತಿದ್ದಳು.

ಮಾರನೆಯ ದಿನ ಶನಿವಾರ ಸಂಜೆ, ಗುಂಡಿನ ದಾಳಿ ನಿಲ್ಲಿಸಲು ಎರಡೂ ಕಡೆ ಒಪ್ಪಿವೆ ಎಂದು ಟಿವಿಯಲ್ಲಿ ಬಂತು. ರವೀಂದ್ರ ಕಾಫಿ ಲೋಟ ಹಿಡಿದು ನಿಂತವನು ಹೆಂಡತಿಯ ಕಡೆ ತಿರುಗಿದ.

"ಅಲ್ವೇ, ನೀನು ನಿನ್ನೆ ನಿಲ್ಲುತ್ತೆ ಅಂತ ಅಂದ್ಬಿಟ್ಟಿದ್ರೆ ಇವತ್ತು ಬಾಗೂರಲ್ಲಿ ನಿನಗೊಂದು ಗುಡಿ ಕಟ್ತಿದ್ರು!"

ಕೋಮಲಾ ನಗಲು ಹೋದಳು. ನಗು ಅರ್ಧಕ್ಕೆ ಅಳುವಾಯಿತು. ರವೀಂದ್ರ ಗಾಬರಿಯಾಗಿ ತನ್ನ ಲೋಟವನ್ನೇ ಅವಳ ಕೈಗೆ ಕೊಟ್ಟ. ಸರಿಯಾದ ಉತ್ತರ ನಿನ್ನೆ ಅವಳ ನಾಲಿಗೆಯ ಮೇಲಿತ್ತು. ಕೊಡಲಿಲ್ಲ. ಅದಕ್ಕಾಗಿ ಪಶ್ಚಾತ್ತಾಪ ಇದೆಯೇ ಎಂದು ಒಳಗೆ ಹುಡುಕಿ ನೋಡಿಕೊಂಡಳು. ಇರಲಿಲ್ಲ. ಇದ್ದದ್ದು ಆಯಾಸ, ಮತ್ತೆ ಎಷ್ಟೋ ವರ್ಷದಿಂದ ಹೊತ್ತದ್ದೊಂದನ್ನು ಕೆಳಗಿಟ್ಟಂಥ ಬೆನ್ನಿನ ನೋವು.

ಏಳೂವರೆಗೆ ಫೋನು ಬಂತು. ವಿಜಯಮ್ಮ.

"ಮಂಜ ಫೋನ್ ಮಾಡಿದ್ದ ಮೇಡಂ. ಎರಡೇ ನಿಮ್ಷ. ಊಟ ಆಯ್ತೇನವ್ವ ಅಂದ. ನನ್ ಬಾಯ್ಗೆ ಏನೂ ಬರ್ಲಿಲ್ಲ, ಆಯ್ತು ಕಣಪ್ಪ ಅಂದೆ. ಆಮೇಲೆ ಸಿಂಧುಗೂ ಮಾಡಿದ್ನಂತೆ. ಅವಳ ಜೊತೆ ಅದಿನೈದ್ ನಿಮ್ಷ!" ದನಿಯಲ್ಲಿ ದೂರೂ ಇತ್ತು, ಅದನ್ನು ಮೀರಿದ್ದೂ ಇತ್ತು.

"ಸಿಗ್ನಲ್ ಸರಿಯಾಗಿದ್ದಿರಬೇಕು ಬಿಡಿ."

"ಊಂ, ಸಿಗ್ನಲ್ಲು." ಎಂದಳು ವಿಜಯಮ್ಮ. "ಮುಂದಿನ ದಿನ ಅವರಿಬ್ರೇ ನೋಡ್ಕಳ್ಲಿ ಅಂತ ಏಳ್ಬುಟ್ಟೆ. ಸಿದ್ದರಾಜೂ ಬ್ಯಾಡ, ಜೋಯಿಸ್ರೂ ಬ್ಯಾಡ. ಬೇಜಾರ್ ಮಾಡ್ಕಬ್ಯಾಡಿ, ನಿಮ್ನೂ ಕೇಳಲ್ಲ ಇನ್ನು."

"ಕೇಳಬೇಡಿ ವಿಜಯಮ್ಮ."

ಟಿವಿಯಲ್ಲಿ ಮತ್ತೇನೋ ಕೆಂಪು ಅಕ್ಷರ ಓಡಿತು. ನಿಲ್ಲಿಸಿದ್ದೇವೆ ಎಂದ ಮೇಲೂ ಗಡಿಯ ಊರುಗಳಲ್ಲಿ ಸದ್ದು ಕೇಳಿದೆಯಂತೆ, ಆಕಾಶದಲ್ಲಿ ಬೆಳಕು ಕಂಡಿದೆಯಂತೆ. ಅದೇ ಸುದ್ದಿ ಫೋನಿನ ಆ ಬದಿಯಿಂದಲೂ, ಬಾಗೂರಿನ ಮನೆಯ ಟಿವಿಯಿಂದಲೂ, ಒಂದು ಕ್ಷಣ ತಡವಾಗಿ ಅವಳ ಕಿವಿಗೆ ಬೀಳುತ್ತಿತ್ತು. ಇಬ್ಬರೂ ಕೇಳಿಸಿಕೊಂಡರು.

"ವಿಜಯಮ್ಮ, ನಿಮಗೆ ಏನನ್ನಿಸುತ್ತೆ?" ಕೋಮಲಾ ಕೇಳಿದಳು. "ಇದು ನಿಜವಾಗ್ಲೂ ನಿಲ್ಲುತ್ತಾ?"

ಆ ಬದಿಯಲ್ಲಿ ಟಿವಿ ಆರಿಸಿದ ಸದ್ದು. ಕುರ್ಚಿ ಎಳೆದ ಸದ್ದು.

"ನಂಗೇನ್ ಗೊತ್ತು ಮೇಡಂ" ಎಂದಳು ವಿಜಯಮ್ಮ. "ಕೂತ್ಕಳಿ, ಒಸಿ ವತ್ತು ಮಾತಾಡನ."